ಬೂದುಬಣ್ಣದ ಮಸಣ ಯಾರದು?

“ಮಗಾ, ಇದು ಗ್ರೇವ್‌ಯಾರ್ಡ್ ತರ ಇಲ್ಲ. ಯಾವ್ದೋ ಹಳ್ಳಿ ದೇವಸ್ಥಾನದ ಹಿತ್ಲು ತರ ಇದೆ.”

ಮೂರು ವಾರ ಥರ್ಮೋಕೋಲು ಕೆತ್ತಿ, ಫೆವಿಕಾಲ್ ಮೆತ್ತಿ, ರಾತ್ರಿ ಒಂದರವರೆಗೆ ಕೂತು ಬಣ್ಣ ಬಳಿದ ನನ್ನ ಮಸಣವನ್ನು ಆಟದ ಮೇಜಿನ ಮೇಲಿಟ್ಟಾಗ ಎದುರಾಳಿ ಆಡಿದ ಮಾತು ಇದು. ಅವನ ಡಬ್ಬಿಯಲ್ಲಿ ಎಲುಬುಗೂಡುಗಳ ಸೈನ್ಯ ಸಿದ್ಧವಾಗಿತ್ತು. ಅದನ್ನು ಎಲ್ಲಿಂದ ಎಬ್ಬಿಸಬೇಕೆಂದು ಪಾಪ, ಅವನಿಗೆ ತಿಳಿಯಲಿಲ್ಲ. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಇಂದಿರಾನಗರದಿಂದ ನಡೆದುಕೊಂಡು ಜೋಗುಪಾಳ್ಯದ ನಮ್ಮ ಗಲ್ಲಿಗೆ ಬರುವಷ್ಟರಲ್ಲಿ ಸಿಟ್ಟು ಬಂದಿತ್ತು. ಅದು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಬ್ಬೆರಳಿಗಿಂತ ಚಿಕ್ಕದಾದ, ಸುಮಾರು 28 ಮಿಲಿಮೀಟರ್ ಎತ್ತರದ ಸೈನಿಕರ ಗೊಂಬೆಗಳು. ಒಂದೊಂದಕ್ಕೂ ಕಣ್ಣು, ಗುಂಡಿ, ಸೊಂಟಪಟ್ಟಿಯವರೆಗೆ ಕೈಯಲ್ಲೇ ಬಣ್ಣ ಹಚ್ಚಬೇಕು. ಮೇಜಿನ ಮೇಲೆ ಟೇಪು ಹಿಡಿದು ಇಂಚು ಅಳೆದು ಅವನ್ನು ನಡೆಸಬೇಕು, ದಾಳ ಎಸೆದು ಸಾಯಿಸಬೇಕು. ಅವು ನಡೆಯಲು ಒಂದು ನೆಲ ಬೇಕಲ್ಲ, ಆ ಬೆಟ್ಟ, ಹಾಳುಗೋಡೆ, ಸೇತುವೆ, ಮಸಣಗಳಿಗೆ ನಾವು ಟೆರೇನ್ ಅನ್ನುತ್ತೇವೆ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದು ಈ ಹುಚ್ಚಿಗೆ ನಿಯಮ ಹಾಕಿಕೊಟ್ಟ. ದೊಡ್ಡವರು ಆಡುವ ಆಟವೇ ಇದು ಎಂದು ಮೂಗು ಮುರಿಯುವ ಸಾಹಿತ್ಯದ ಗೆಳೆಯರು ದಯವಿಟ್ಟು ತಮ್ಮ ಅಜ್ಜಿಯರನ್ನು ನೆನೆಯಬೇಕು. ನವರಾತ್ರಿಯಲ್ಲಿ ಪಟ್ಟದ ಗೊಂಬೆ ಕೂರಿಸಿ, ಕೆಳಗೆ ತಟ್ಟೆಯಲ್ಲಿ ರಾಗಿ ಮೊಳಕೆಯ ಹುಲ್ಲುಗಾವಲು ಬೆಳೆಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಪಕ್ಕದಲ್ಲಿ ಮೃಗಾಲಯ ಕಟ್ಟಿದವರು ಇವತ್ತಿನ ಯಾವ ಟೆರೇನ್ ಕಲಾವಿದನಿಗೂ ಕಡಿಮೆಯಿರಲಿಲ್ಲ.

ಇನ್ನು ಮಸಣದ ವಿಷಯ. ಬೆಂಗಳೂರಿನಲ್ಲಿ ನಾನು ಕಂಡ ಆಟದ ಮಸಣಗಳೆಲ್ಲ ಒಂದೇ ತಾಯಿಯ ಮಕ್ಕಳು. ಫೋಮ್ ಹಾಳೆಯಿಂದ ಒಂದಿಂಚಿನ ಫಲಕ ಕತ್ತರಿಸು, ತಲೆ ದುಂಡಗೆ ಮಾಡು, ಬಾಲ್‌ಪೆನ್ನಿನಲ್ಲಿ ‘ಆರ್ ಐ ಪಿ’ ಎಂದು ಒತ್ತು. ನೆಟ್ಟಗೆ ನಿಲ್ಲಿಸಬೇಡ, ಓರೆಯಾಗಿ ಸಿಗಿಸು. ಮೊದಲು ಕಪ್ಪು, ಅದರ ಮೇಲೆ ಬೂದು, ಬ್ರಷ್ಷಿನ ಬಣ್ಣವನ್ನೆಲ್ಲ ಒರೆಸಿ ಅಂಚುಗಳಿಗೆ ಮಾತ್ರ ತಾಗುವಂತೆ ತೆಳು ಬಿಳಿ. ಸುತ್ತ ಈಟಿಮೊನೆಯ ಕಬ್ಬಿಣದ ಬೇಲಿ. ತಂತಿ ತಿರುಚಿ ಒಂದು ಬೋಳು ಮರ, ಅದರ ಮೇಲೆ ಒಂದು ಕಾಗೆ. ನಾನೂ ಇಂಥ ನಾಲ್ಕು ಕಟ್ಟಿದ್ದೇನೆ. ನಾಲ್ಕಕ್ಕೂ ಶಹಬ್ಬಾಸ್‌ಗಿರಿ ಸಿಕ್ಕಿದೆ. ಐದನೆಯದು ಮಾತ್ರ ದೇವಸ್ಥಾನದ ಹಿತ್ತಲಾಯಿತು.

ಈ ಬೂದು ಮಸಣ ಎಲ್ಲಿಂದ ಬಂತು? ಹತ್ತಿರದ ದಾರಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನದು. ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಅಲ್ಲಿ. 1999ರಲ್ಲಿ ಅವರು ತಂದ ‘ಮಾರ್ಡ್‌ಹೈಮ್’ ಎಂಬ ಹಾಳುನಗರದ ಆಟ ನನ್ನಂಥ ಎಷ್ಟೋ ಜನರನ್ನು ಕೆಡಿಸಿದೆ. ದೂರದ ದಾರಿ ಸಿನಿಮಾದ್ದು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರ ಶುರುವಾಗುವುದೇ ಒಂದು ಹೂಳುವ ದೃಶ್ಯದಿಂದ. ವಾಲಿದ ಶಿಲುಬೆಗಳು, ಕಬ್ಬಿಣದ ಬೇಲಿ, ಕಪ್ಪು ಆಕಾಶ, ಎಲ್ಲವೂ ಸ್ಟುಡಿಯೋದೊಳಗೆ ಕಟ್ಟಿದ್ದು. ಅಂದರೆ ನಾವು ಮೇಜಿನ ಮೇಲೆ ಇಡುತ್ತಿರುವುದು ಒಂದು ಸೆಟ್ಟಿನ ನಕಲಿನ ನಕಲು. ಇಂಗ್ಲಿಷರೇ ಇಲ್ಲಿಗೆ ಬಂದು ಸತ್ತಾಗ ಹಾಗೆ ಕಟ್ಟಿಸಿಕೊಳ್ಳಲಿಲ್ಲ. ಕೋಲ್ಕತ್ತದಲ್ಲಿ 1767ರಲ್ಲಿ ಶುರುವಾದ ಪಾರ್ಕ್ ಸ್ಟ್ರೀಟ್ ಸ್ಮಶಾನವನ್ನು ನೋಡಿ: ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ ಗುಮ್ಮಟಗಳು, ಚೂಪು ಕಂಬಗಳು. ನಮ್ಮಲ್ಲೂ 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಅವರ ಕಡೆಯವರಿಗೆ ಈಗಿನ ಹಡ್ಸನ್ ವೃತ್ತದ ಬಳಿ ಅಂಥದೇ ಎತ್ತರದ ಸ್ಮಾರಕವಿತ್ತು, 1964ರಲ್ಲಿ ಕೆಡವಿದರು.

ನಮ್ಮ ಕಡೆ ಸತ್ತವರನ್ನು ಕಲ್ಪಳ್ಳಿಗೆ ಒಯ್ಯುತ್ತಾರೆ. ಹಳೆ ಮದ್ರಾಸ್ ರಸ್ತೆ ದಾಟಿ ಆ ಕಡೆಗೆ. ಚಿಕ್ಕಂದಿನಿಂದ ಎಷ್ಟು ಸಲ ಮಣ್ಣಿಗೆ ಹೋಗಿದ್ದೇನೋ ಲೆಕ್ಕವಿಲ್ಲ. ನಾಲ್ಕು ಬೂದು ಮಸಣ ಕಟ್ಟಿ ಮುಗಿಸಿದ ಮೇಲೆ ಒಂದು ದಿನ ಅಲ್ಲಿ ನಿಂತಾಗ ನನಗೇ ನಾಚಿಕೆಯಾಯಿತು. ಎದುರಿಗಿದ್ದ ಒಂದೂ ಬಣ್ಣ ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ಸುಣ್ಣ ಬಳಿದ ಗೋರಿ, ತಿಳಿನೀಲಿ ಡಿಸ್ಟೆಂಪರ್ ಬಳಿದ ಗೋರಿ, ಬಚ್ಚಲುಮನೆಗೆ ತಂದು ಮಿಕ್ಕಿತೇನೋ ಎಂಬಂತೆ ಹೂವಿನ ಟೈಲ್ಸ್ ಹಾಕಿಸಿದ ಗೋರಿ. ಪಾಲಿಷ್ ಗ್ರಾನೈಟಿನಲ್ಲಿ ಸತ್ತವರ ನಗುವ ಫೋಟೋ. ಬಾಡಿದ ಚೆಂಡುಹೂವು, ಅರಿಶಿನ, ಯಾರೋ ಪ್ರೀತಿಯಿಂದ ಇಟ್ಟ ಬೀಡಿ ಕಟ್ಟು. ಹಾಲು-ತುಪ್ಪದ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ನಮ್ಮಲ್ಲಿ ರೂಢಿ. ನವೆಂಬರ್ 2ರಂದು ಕ್ರೈಸ್ತರ ಸಮಾಧಿಗಳ ಮೇಲೆ ಸಾಲು ಮೇಣದಬತ್ತಿ. ಖಬರಸ್ತಾನಗಳಿಗೆ ಹೋದರೆ ಹಸಿರು ಚಾದರ, ಗುಲಾಬಿ ಎಸಳು. ಕೆಳಗೆ ಕೆಮ್ಮಣ್ಣು, ಮೇಲೆ ದಟ್ಟ ಹೊಂಗೆಯ ನೆರಳು. ಬೋಳು ಮರ ಹುಡುಕಬೇಕೆಂದರೆ ಫೆಬ್ರವರಿಯವರೆಗೆ ಕಾಯಬೇಕು, ಆಗಲೂ ಒಂದೋ ಎರಡೋ.

ಹಾಗಾಗಿ ಐದನೆಯ ಮಸಣವನ್ನು ಕಣ್ಣಿಗೆ ಕಂಡಂತೆ ಕಟ್ಟಿದೆ. ಕೆಲಸದ ವಿವರ ಒಂದಷ್ಟು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮಣ್ಣನ್ನು ಬಣ್ಣದಲ್ಲಿ ತೋರಿಸುವ ಬದಲು ಮಣ್ಣನ್ನೇ ಹಾಕಿದೆ. ಎಲ್ಲಿ ನೋಡಿದರೂ ಪಾಯ ಅಗೆಯುವ ಊರಿನಲ್ಲಿ ಕೆಮ್ಮಣ್ಣಿಗೇನು ಬರ? ಪಕ್ಕದ ಬೀದಿಯಿಂದ ತಂದು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ (ಈಗ ಮನೆಯಲ್ಲಿ ಜಾಲರಿ ಎರಡಿವೆ). ನೀರು ಬೆರೆಸಿದ ಫೆವಿಕಾಲಿಗೆ ಕೆಮ್ಮಣ್ಣು ಕಪ್ಪಾಗುತ್ತದೆ. ಒಣಗಿದ ಮೇಲೆ ಇಟ್ಟಿಗೆ ಬಣ್ಣವನ್ನು ಒಣಬ್ರಷ್ಷಿನಲ್ಲಿ ಸವರಿದರೆ ಮತ್ತೆ ನಮ್ಮ ಮಣ್ಣಾಗುತ್ತದೆ. ಉದುರೆಲೆಗೆ ಒಣಗಿಸಿದ ಚಹಾ ಚರಟ. ಟೈಲ್ಸಿಗೆ ಹೊಳಪಿನ ವಾರ್ನಿಷ್. ಈ ಅಳತೆಯಲ್ಲಿ ಆರಡಿಯ ಗೋರಿ ಒಂದೂಕಾಲು ಇಂಚಾಗುತ್ತದೆ. ಒಂದು ರಾಗಿ ಕಾಳು ಸರಿಯಾಗಿ ಒಂದು ಚೆಂಡುಹೂವಿನಷ್ಟು. ಕಾಳುಗಳಿಗೆ ಕಿತ್ತಳೆ ಬಣ್ಣ ಹಚ್ಚಿ ಮುಳ್ಳುಚಿಮಟದಲ್ಲಿ ಒಂದೊಂದಾಗಿ ಅಂಟಿಸಿದೆ. ಕಬ್ಬಿಣದ ಬೇಲಿ ತೆಗೆದು ಕಲ್ಲುಕಂಬ ನೆಟ್ಟೆ. ಬೋಳು ಮರದ ಜಾಗಕ್ಕೆ ಹುಣಸೆ ಬಂತು. ನಮ್ಮ ದೆವ್ವಗಳು ಇರುವುದೇ ಅಲ್ಲಿ.

ದೆವ್ವದ ಮಾತು ಬಂತಲ್ಲ, ನನ್ನ ಜಗಳ ಬಣ್ಣಕ್ಕಿಂತ ಹೆಚ್ಚಾಗಿ ಅದರದ್ದೇ. ಆಟದ ಮಸಣ ಬರೀ ಅಲಂಕಾರವಲ್ಲ, ಅದಕ್ಕೆ ನಿಯಮಗಳಿರುತ್ತವೆ. ಹಲವು ಆಟಗಳಲ್ಲಿ ಗೋರಿಯ ಹತ್ತಿರ ಹೆಣಗಳು ಏಳುತ್ತವೆ, ಬದುಕಿದವರ ಧೈರ್ಯ ಕುಸಿಯುತ್ತದೆ. ಈ ನಿಯಮದೊಳಗೆ ಒಂದು ನಂಬಿಕೆ ಕೂತಿದೆ: ಸತ್ತವರು ನಮ್ಮ ಶತ್ರುಗಳು. ನಮ್ಮ ಬೇತಾಳ ಗೋರಿ ಸೀಳಿಕೊಂಡು ಬಂದವನಲ್ಲ. ಮರಕ್ಕೆ ಜೋತು ಬಿದ್ದು ಕಥೆ ಹೇಳಿ, ಒಗಟು ಕೇಳುವವನು. ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದ ಕಾಲದ ದೆವ್ವವೂ ಬಾಗಿಲು ಬಡಿದು ಹೆಸರು ಹಿಡಿದು ಕರೆಯುತ್ತಿತ್ತೇ ಹೊರತು ಕೊಳೆತ ಕೈ ಮಣ್ಣಿನಿಂದ ಎತ್ತಲಿಲ್ಲ.

ಇನ್ನು ವೀರಗಲ್ಲು. ಕರ್ನಾಟಕದ ಯಾವ ಹಳ್ಳಿಯಲ್ಲೂ ಕಾಣುವ, ಆದರೆ ಯಾವ ಆಟದ ಮೇಜಿನ ಮೇಲೂ ನಾನು ಕಾಣದ ಕಲ್ಲು ಅದು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯ ಚಂದ್ರ. ಒಂದೇ ಕಲ್ಲಿನಲ್ಲಿ ಮೂರು ಮಹಡಿಯ ಕಥೆ! ಸಣ್ಣ ಬ್ರಷ್ಷಿನ ಕೆಲಸಗಾರನಿಗೆ ಇದಕ್ಕಿಂತ ಹಬ್ಬ ಬೇಕೇ? ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ಕಲ್ಲಿದೆ, ಆನೆ ಕುದುರೆಗಳ ಇಡೀ ರಣರಂಗವೇ ಅದರಲ್ಲಿದೆ. ಅಲ್ಲೇ ಆತಕೂರಿನ ಶಾಸನವಿದೆ, ಹತ್ತನೆಯ ಶತಮಾನದ್ದು. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಕಥೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ. ಶ. 750ರದ್ದು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಮನೆಯಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ವಾರಕ್ಕೊಂದು ಡ್ರ್ಯಾಗನ್ ಮುದ್ರಿಸುವ ಗೆಳೆಯರೇ, ಹೆಬ್ಬಾಳ ನಿಮಗೆ ನಾಟಿಂಗ್‌ಹ್ಯಾಮ್‌ಗಿಂತ ದೂರವೇ?

ವೀರಗಲ್ಲಿನ ಬಳಿ ಯಾರೂ ಹೆದರಿ ಓಡಿದ್ದಿಲ್ಲ. ಊರಿಗಾಗಿ, ದನಗಳಿಗಾಗಿ ಸತ್ತವನ ಕಲ್ಲು ಅದು. ಎಷ್ಟೋ ಕಡೆ ಇಂದಿಗೂ ಪೂಜೆಯಿದೆ. ಹಾಗಾಗಿ ನನ್ನ ಮೇಜಿನಲ್ಲಿ ಹೊಸ ನಿಯಮ: ವೀರಗಲ್ಲಿನ ನಾಲ್ಕು ಇಂಚಿನೊಳಗೆ ಇರುವ ಯಾವ ಸೈನಿಕನೂ ಬೆನ್ನು ತೋರಿಸುವುದಿಲ್ಲ. ಒಂದೇ ಸಾಲು. ಆದರೆ ಇಡೀ ಆಟ ತಿರುಗಿಬಿಡುತ್ತದೆ. ಎಲ್ಲರೂ ದೂರವಿಡುತ್ತಿದ್ದ ಮಸಣಕ್ಕಾಗಿ ಈಗ ಎರಡು ಪಡೆಗಳೂ ಹೊಡೆದಾಡುತ್ತವೆ. ಮಾಸ್ತಿಕಲ್ಲನ್ನು ಮಾತ್ರ ನಾನು ಮಾಡಿಲ್ಲ. ಬಳೆ ತೊಟ್ಟು ಮೇಲಕ್ಕೆತ್ತಿದ ಆ ಕೈಯನ್ನು ಕೆತ್ತಲು ಒಮ್ಮೆ ಕೂತೆ. ಬೆಂಕಿಗೆ ಹೋದ ಹೆಣ್ಣಿಗೆ ದಾಳದ ಯಾವ ಅಂಕೆ ಕೊಡಲಿ ಎಂದು ತಿಳಿಯದೆ ಎದ್ದೆ.

“ಆಟ ತಾನೇ, ಇಷ್ಟು ತಲೆ ಕೆಡಿಸಿಕೊಳ್ಳೋದ್ಯಾಕೆ?” ಎಂದವರಿದ್ದಾರೆ. ಆಟ ತಾನೇ ಎನ್ನುವವರೇ ಜರ್ಮನ್ ಟ್ಯಾಂಕಿನ ಹಸಿರು ಒಂದು ಎಳೆ ತಪ್ಪಿದರೆ ಗಂಟೆಗಟ್ಟಲೆ ವಾದಿಸುತ್ತಾರೆ. ಪರದೇಶದ ಟ್ಯಾಂಕಿಗೆ ಸಿಗುವ ನಿಷ್ಠೆ ಪಕ್ಕದ ಬೀದಿಯ ಗೋರಿಗೆ ಸಿಗಬಾರದೇ? ಇನ್ನು ಕೆಲವರು ನನ್ನನ್ನು ಮಣ್ಣಿನ ಮಗನ ಪಕ್ಷಕ್ಕೆ ಸೇರಿಸಲು ನೋಡಿದರು. ಅದೂ ಬೇಡ. ಆಟ ಹೊರಗಿನದು, ಸಂತೋಷದಿಂದ ಕಲಿತಿದ್ದೇನೆ. ಬಿ.ಎಂ.ಶ್ರೀ. ಇಂಗ್ಲಿಷಿನ ಕವಿತೆಗಳನ್ನು ತಂದಾಗ ಅವು ಇಲ್ಲಿ ಉಸಿರಾಡುವಂತೆ ಕನ್ನಡದ ಲಯ ಹುಡುಕಿದರು. ನಾವು ಪೆಟ್ಟಿಗೆ ಒಡೆದು ಹಾಗೇ ಮೇಜಿನ ಮೇಲಿಡುತ್ತೇವೆ. ನಮ್ಮ ಹುಡುಗರು ಬರೆಯುವ ದೆವ್ವದ ಕಥೆಗಳಲ್ಲೂ ಇದೇ ರೋಗ: ನಾಯಕ ಹಾಸನದವನು, ಸ್ಮಶಾನ ಲಂಡನ್ನಿನದು.

ಮನೆಯಲ್ಲಿ ಸತ್ತವರಿರುವವರು ಕೇಳುವ ಪ್ರಶ್ನೆಯೇ ನಿಜಕ್ಕೂ ಗಟ್ಟಿ: ಸತ್ತವರ ಜಾಗದಲ್ಲಿ ಆಟವೇ? ಅಮ್ಮ ಮೊದಲ ದಿನವೇ ಅಂದಿದ್ದಳು, “ಅಯ್ಯೋ, ಮನೆಯೊಳಗೆ ಸುಡುಗಾಡು ಕಟ್ತಾ ಇದೀಯೇನೋ? ಸ್ನಾನ ಮಾಡಿ ಊಟಕ್ಕೆ ಬಾ.” ಆಶ್ಚರ್ಯವೆಂದರೆ ಬೂದು ಮಸಣಗಳನ್ನು ಕಂಡು ಅವಳು ಹಾಗೆ ಅಂದಿರಲೇ ಇಲ್ಲ. ಅವು ಅವಳ ಪಾಲಿಗೆ ಆಟಿಕೆ. ಇದು ಸುಡುಗಾಡು ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು, ನನ್ನ ಎದುರಾಳಿಗೆ ಗೊತ್ತಾಗಲಿಲ್ಲ. ಅಮ್ಮನ ಗದರಿಕೆಗಿಂತ ದೊಡ್ಡ ಬಹುಮಾನ ನನಗೆ ಸಿಕ್ಕಿಲ್ಲ.

ಅವಳ ತಮ್ಮ, ನನ್ನ ಸೋದರಮಾವ, 2021ರ ಮೇ ತಿಂಗಳಲ್ಲಿ ಹೋದರು. ಆ ದಿನಗಳು ಹೇಗಿದ್ದವೆಂದು ಯಾರಿಗೂ ಹೇಳಬೇಕಿಲ್ಲ. ಮಣ್ಣು ಮಾಡುವಾಗ ನಾವು ನಾಲ್ಕೇ ಜನ, ಅಮ್ಮ ಮನೆಯಲ್ಲಿ. ಹಾಲು-ತುಪ್ಪವೂ ಆಗಲಿಲ್ಲ. ಕಲ್ಲು ಹಾಕಿಸಲು ಮುಂದೆ ನೋಡೋಣ ಅಂದುಕೊಂಡೆವು. ಮರುವರ್ಷ ಮಹಾಲಯ ಅಮಾವಾಸ್ಯೆಗೆ ಹೂವು ಹಿಡಿದು ಹೋದರೆ ಮಾವನ ಗುಡ್ಡೆ ಸಿಗಲಿಲ್ಲ. ಎರಡು ಮಳೆಗಾಲಕ್ಕೆ ನೆಲ ಕೂತು, ಹುಲ್ಲು ಬೆಳೆದು, ಪಕ್ಕದಲ್ಲಿ ಬೇರೆ ಗುಡ್ಡೆಗಳು ಎದ್ದಿದ್ದವು. ಈ ಊರಿನ ಎಷ್ಟೋ ಜನರ ಗೋರಿ ಇಷ್ಟೇ: ಮಣ್ಣಿನ ಉಬ್ಬು, ಸ್ವಲ್ಪ ಕಾಲ. ಕಲ್ಲು ಹಾಕಿಸುವಷ್ಟು ದುಡ್ಡಿದ್ದವರದು ಮಾತ್ರ ಉಳಿಯುತ್ತದೆ. ಆಟದ ಪೆಟ್ಟಿಗೆಗಳ ಮಸಣದಲ್ಲಿ ಕಲ್ಲಿಲ್ಲದ ಗೋರಿಯನ್ನು ನಾನು ಇಂದಿಗೂ ಕಂಡಿಲ್ಲ. ಅಲ್ಲಿ ಬಡವರು ಸಾಯುವುದೇ ಇಲ್ಲ.

ಹುಣಸೆ ಮರದ ಬಲಕ್ಕೆ, ಕಲ್ಲುಕಂಬದಿಂದ ಎರಡು ಬೆರಳು ಬಿಟ್ಟು, ಅಂಥದೊಂದನ್ನು ಮಾಡಿದೆ. ಕಾಗದದ ಮುದ್ದೆ, ಮೇಲೆ ಕೆಮ್ಮಣ್ಣು. ಯಾರದೆಂದು ಹೇಳಲಿಲ್ಲ. ಅಮ್ಮ ಪಾತ್ರೆ ತೊಳೆದ ಕೈ ಸೆರಗಿಗೆ ಒರೆಸುತ್ತ ಬಂದು ಬಗ್ಗಿ ನೋಡಿದಳು.

“ಇಷ್ಟು ಎತ್ತರ ಎಲ್ಲಿರುತ್ತೆ? ಎರಡು ಮಳೆ ಬಿದ್ದಿದೆಯಲ್ಲ. ಇಳಿಸು.”

ಉಜ್ಜುಕಾಗದ ತೆಗೆದುಕೊಂಡು ಇಳಿಸಿದೆ.

“ಇನ್ನೂ,” ಅಂದಳು.