ಆರೋಗ್ಯ ವಿಚಾರ: ಪ್ರಾಯವನ್ನು ತಡೆದು ನಿಲ್ಲಿಸುವ ಮದ್ದು

ಮಕ್ಕಳು ಪ್ರಾಯಕ್ಕೆ ಬರುವುದು ತಾಯಿತಂದೆಗಳಿಗೆ ಸಂತೋಷದ ಸಂಗತಿಯೇ ಸರಿ. ಆದರೆ ಗಂಡೆಂದು ಬೆಳೆಸಿದ ಮಗುವು ತಾನು ಹೆಣ್ಣೆಂದೂ, ಹೆಣ್ಣೆಂದು ಬೆಳೆಸಿದುದು ತಾನು ಗಂಡೆಂದೂ ಅಂತರಂಗದಲ್ಲಿ ದೃಢವಾಗಿ ತಿಳಿದಿರುವುದುಂಟು. ಇವರನ್ನು ಟ್ರಾನ್ಸ್‌ಜೆಂಡರ್ ಮಕ್ಕಳೆನ್ನುವರು. ಕಂಠವು ಒಡೆಯುವುದೂ ಋತುವಾಗುವುದೂ ಇವರಲ್ಲಿ ಅನೇಕರಿಗೆ ದಾರುಣವಾದ ಸಂಕಟವಾಗುತ್ತದೆ. ಇವರಿಗೆ ಕೊಡುವ ಮದ್ದೊಂದರ ವಿಷಯವಾಗಿ ಪಾಶ್ಚಾತ್ಯ ದೇಶಗಳಲ್ಲಿ ಬಲವಾದ ವಾದವೆದ್ದಿದೆ. ಅದರ ಸ್ವರೂಪವನ್ನು ವಾಚಕರು ಅರಿತಿರುವುದು ಒಳ್ಳೆಯದು.

ಮಿದುಳಿನಿಂದ ಹೊರಡುವ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನು ಬಿಟ್ಟುಬಿಟ್ಟು ಸ್ರವಿಸಿ ಪಿಟ್ಯುಯಿಟರಿ ಗ್ರಂಥಿಯನ್ನು ಎಚ್ಚರಿಸಿದಾಗ ಪ್ರಾಯವು ತೊಡಗುತ್ತದೆ. ಇದನ್ನೇ ಹೋಲುವ ಮದ್ದನ್ನು ಸೂಜಿಯಿಂದ ಕೊಟ್ಟು, ಎಡೆಬಿಡದೆ ದೇಹದಲ್ಲಿರುವಂತೆ ಮಾಡಿದರೆ ಗ್ರಂಥಿಯು ಸುಮ್ಮನಾಗುವುದು. ಆಗಾಗ ಕರೆದರೆ ಓಗೊಡುವವನು, ಸದಾ ಕೂಗುತ್ತಿದ್ದರೆ ಕಿವಿಗೊಡನಷ್ಟೆ! ಆರೇಳು ವರ್ಷಕ್ಕೇ ಪ್ರಾಯದ ಕುರುಹು ತೋರುವ ಮಕ್ಕಳಿಗೆ ೧೯೮೦ರ ದಶಕದಿಂದಲೂ ಇದನ್ನು ಕೊಡುತ್ತ ಬಂದಿದ್ದಾರೆ.

ಟ್ರಾನ್ಸ್‌ಜೆಂಡರ್ ಕಿಶೋರರಿಗೆ ಇದನ್ನು ಮೊದಲು ಕ್ರಮವಾಗಿ ಬಳಸಿದವರು ಹಾಲೆಂಡಿನ ವೈದ್ಯರು. ೨೦೦೬ರಲ್ಲಿ ಅವರು ಪ್ರಕಟಿಸಿದ ಪದ್ಧತಿಯಂತೆ ೧೨ ವರ್ಷದ ಮೇಲೆ ಈ ಮದ್ದು, ೧೬ರ ಮೇಲೆ ಬೇರೆ ಹಾರ್ಮೋನು. ಮರಳಿ ಸರಿಪಡಿಸಲಾಗದ ಮಾರ್ಪಾಟುಗಳಾಗುವ ಮುನ್ನ ಮಗುವಿಗೆ ಆಲೋಚಿಸಲು ಅವಕಾಶ ದೊರೆಯಲೆಂಬುದು ಅವರ ಆಶಯ.

ಮದ್ದನ್ನು ನಿಲ್ಲಿಸಿದರೆ ಪ್ರಾಯವು ಮತ್ತೆ ಮುಂದುವರಿಯುತ್ತದೆ. ಹಾಗೆಂದು ಈ ಬಿಡುವು ಬೆಲೆಯಿಲ್ಲದೆ ದೊರೆಯುವುದಲ್ಲ. ಆ ವಯಸ್ಸಿನಲ್ಲಿ ಗಟ್ಟಿಯಾಗಬೇಕಾದ ಎಲುಬು ತಕ್ಕಷ್ಟು ಗಟ್ಟಿಯಾಗದು. ಮೇಲಾಗಿ, ಹಾಲೆಂಡಿನಲ್ಲಿ ಮದ್ದನ್ನು ಆರಂಭಿಸಿದವರಲ್ಲಿ ಬಹುಮಂದಿ ಮುಂದಿನ ಹಾರ್ಮೋನಿಗೂ ಹೋದರು. ತಕ್ಕ ಮಕ್ಕಳನ್ನೇ ಆರಿಸಿದುದರ ಫಲವಿದೆಂದು ಕೆಲವರು. ಮದ್ದೇ ಅತ್ತ ಒಯ್ಯುವುದೋ ಏನೋ ಎಂದು ಕೆಲವರು.

ಇಂಗ್ಲೆಂಡಿನಲ್ಲಿ ಡಾಕ್ಟರ್ ಹಿಲರಿ ಕಾಸ್ ಅವರ ೨೦೨೪ರ ವರದಿಯು, ಇದರ ಪ್ರಯೋಜನಕ್ಕೆ ಆಧಾರಗಳು ದುರ್ಬಲವೆಂದು ಹೇಳಿತು. ಆ ವರ್ಷವೇ ಅಲ್ಲಿನ ಸರಕಾರವು ೧೮ ವರ್ಷದೊಳಗಿನ ಹೊಸ ರೋಗಿಗಳಿಗೆ ಈ ಕಾರಣಕ್ಕಾಗಿ ಮದ್ದು ಬರೆಯುವುದನ್ನು ಸಂಶೋಧನೆಯ ಹೊರಗೆ ನಿಷೇಧಿಸಿತು. ಅಕಾಲ ಪ್ರಾಯಕ್ಕೆ ನಿಷೇಧವಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯಾದರೋ ೨೦೧೭ರ ತನ್ನ ಸೂತ್ರಗಳಲ್ಲಿ, ಚೆನ್ನಾಗಿ ಪರೀಕ್ಷಿಸಿದ ಮಕ್ಕಳಿಗೆ ಇದನ್ನು ಕೊಡಬಹುದೆಂದಿತು.

ಕೊಡುವುದರಲ್ಲಿ ಅಪಾಯವಿದೆಯೆಂದು ಕೊಡದಿರುವುದು ನಿರಪಾಯವೆನ್ನಲಾಗದು. ದೇಹವು ಯಾರ ತೀರ್ಮಾನಕ್ಕೂ ಕಾದಿರುವುದಿಲ್ಲ. ಆದುದರಿಂದ ಮಗುವು ಇಂತಹ ಮಾತನ್ನಾಡಿದರೆ ಹಿರಿಯರು ಗದರಿಸಬಾರದು, ನಗಬಾರದು, ಅವಸರಪಡಲೂಬಾರದು. ಸಮಾಧಾನದಿಂದ ಕೇಳಿ, ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮದ್ದಿನ ವಿಚಾರದಲ್ಲಿ ಪಂಡಿತರೊಳಗೆ ಭಿನ್ನಾಭಿಪ್ರಾಯವಿರಬಹುದು. ಮಗುವಿನ ಮಾತಿಗೆ ಮನೆಯವರು ಕಿವಿಗೊಡಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು.