ಸದ್ದು ಮಾಡುವ ಸೈಲೆನ್ಸರ್



ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ಮೇಷ್ಟ್ರಿಗೂ ಕಾರಿನ ಸೈಲೆನ್ಸರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕಳೆದ ಬೇಸಿಗೆಯವರೆಗೆ ನನಗೂ ಯಾವ ಸಂಬಂಧವೂ ಇರಲಿಲ್ಲ.

ಸಿರುಗುಪ್ಪದಲ್ಲಿರುವ ನನ್ನ ಅಕ್ಕನ ಮೊಮ್ಮಗ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದನ್ನು ಕೊಂಡನು. ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ರಿಪೇರಿಗೆಂದು ಹೋದವನು ಅಂಗಡಿಯವರ ಮಾತು ಕೇಳಿ, ಕಂಪನಿಯ ಸೈಲೆನ್ಸರನ್ನೂ ಅದರ ಮುಂದಿದ್ದ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತು ಹಾಕಿಸಿ, ಕೊಡದ ಬಾಯಿಯಂತಹ ಹೊಳೆಯುವ ಕೊಳವೆಯನ್ನು ಜೋಡಿಸಿಕೊಂಡು ಬಂದನು. "ಸೌಂಡ್ ಹೆಂಗೈತಿ ಕೇಳ್ರಿ ತಾತ! ಪಿಕಪ್ ಕೂಡ ಜಾಸ್ತಿ ಆಗೈತಿ" ಎಂದು ಹಿಗ್ಗಿದನು. ನಾನು ನಕ್ಕು ಸುಮ್ಮನಾದೆ. ಬಾಲ್ಯದಲ್ಲಿ ಸೈಕಲ್ ಚಕ್ರದ ಕಡ್ಡಿಗಳಿಗೆ ರಟ್ಟಿನ ತುಂಡು ಸಿಕ್ಕಿಸಿ, ಟರಟರ ಸದ್ದು ಮಾಡುತ್ತಾ ಓಣಿಯೆಲ್ಲ ಸುತ್ತಿದವನು ನಾನೂ ಅಲ್ಲವೇ!

ಕೆಲವು ದಿನಗಳ ನಂತರ ಅಕ್ಕನ ಕಣ್ಣು ತೋರಿಸಲು ಅದೇ ಕಾರಿನಲ್ಲಿ ಬಳ್ಳಾರಿಗೆ ಹೊರಟೆವು. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಗಾಜು ಏರಿಸಿ ಏ.ಸಿ. ಹಾಕಿದ್ದೆವು. ತೆಕ್ಕಲಕೋಟೆ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅಕ್ಕ, "ತಲಿ ಯಾಕೋ ಸಿಡಿಯಾಕ ಹತ್ತೈತಿ ತಮ್ಮಾ" ಎಂದಳು. ಬಿಸಿಲಿಗೆ ಇರಬೇಕೆಂದೆ. ಸ್ವಲ್ಪ ಹೊಗೆಯ ವಾಸನೆಯೂ ಬರುತ್ತಿತ್ತು. ಮುಂದೆ ಹೋಗುತ್ತಿದ್ದ ಲಾರಿಯದೆಂದು ಭಾವಿಸಿದೆ. ಮತ್ತಷ್ಟು ದೂರ ಹೋದಾಗ ಅವಳಿಗೆ ವಾಂತಿಯಾಯಿತು, ಮಾತು ತೊದಲಿತು. ಗಾಬರಿಯಿಂದ ಕಾರು ನಿಲ್ಲಿಸಿ, ಬೇವಿನ ಮರದ ನೆರಳಿನಲ್ಲಿ ಕೂರಿಸಿದೆವು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡಳು. ಉಳಿದ ದಾರಿಯನ್ನು ಎಲ್ಲ ಗಾಜು ಇಳಿಸಿಯೇ ಕ್ರಮಿಸಿದೆವು.

ಬಳ್ಳಾರಿಯಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರು ಕಾರನ್ನು ಮೇಲೆತ್ತಿ ತೋರಿಸಿದರು. ಹೊಸ ಕೊಳವೆಯ ಬೆಸುಗೆ ಬಿರುಕು ಬಿಟ್ಟಿತ್ತು. ಅದರ ಸುತ್ತ ಮಸಿ ಕಟ್ಟಿತ್ತು. ಅದಕ್ಕೆ ನೇರವಾಗಿ ಮೇಲೆ, ಹಿಂದಿನ ಸೀಟಿನ ಅಡಿಯ ತಗಡಿನಲ್ಲಿ, ರಬ್ಬರ್ ಮುಚ್ಚಳ ಬಿದ್ದುಹೋಗಿ ಒಂದು ರಂಧ್ರ ತೆರೆದುಕೊಂಡಿತ್ತು. ಅಂದು ರಕ್ತಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಅಕ್ಕನಿಗಾದದ್ದು ಇದರಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಬಿರುಕನ್ನು ಕಂಡ ಮೇಲೆ ನನಗೆ ಬೇರೆ ಕಾರಣ ತೋಚಲಿಲ್ಲ.

ಮಕ್ಕಳೇ, ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ತಲೆನೋವು, ವಾಕರಿಕೆ, ಮಂಕು ಅದರ ಲಕ್ಷಣಗಳೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಅದೇ ಪಾಠ ಒಡಹುಟ್ಟಿದ ಅಕ್ಕನ ರೂಪದಲ್ಲಿ ಎದುರಿಗೆ ಬಂದಾಗ ನಾನು ಫೇಲಾದೆ. ಆ ನಾಚಿಕೆಯೇ ಈ ಬರೆಹಕ್ಕೆ ಕಾರಣ.

ಅಂಗಡಿಯಲ್ಲಿ ಕಿತ್ತು ಬಿಟ್ಟುಬಂದದ್ದೇನೆಂಬುದನ್ನೂ ತಿಳಿಯಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಜೇನುಗೂಡಿನಂತಹ ಸಣ್ಣ ರಂಧ್ರಗಳ ಪಾತ್ರೆ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಲೇಪವು ಕಾರ್ಬನ್ ಮೋನಾಕ್ಸೈಡನ್ನು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುತ್ತದೆ. ಉರಿಯದ ಹೈಡ್ರೋಕಾರ್ಬನ್ನುಗಳನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ನಿವಾರಿಸುತ್ತದೆ. ಈ ಲೋಹಗಳು ಬೆಲೆಬಾಳುವಂಥವು. "ಹಳೇದು ನಿಮಗ್ಯಾಕೆ, ಇಲ್ಲೇ ಬಿಡ್ರಿ" ಎಂದು ಯಾರಾದರೂ ಉದಾರವಾಗಿ ಹೇಳಿದರೆ ಆ ಔದಾರ್ಯಕ್ಕೆ ಬೆಲೆಯಿದೆಯೆಂದು ತಿಳಿಯಿರಿ.

ಇನ್ನು ಪಿಕಪ್ಪಿನ ಮಾತು. 1200 ಸಿ.ಸಿ.ಗೆ ಮೀರದ ಪುಟ್ಟ ಎಂಜಿನ್ನಿಗೆ ದಪ್ಪ ಕೊಳವೆ ಹಾಕಿದರೆ ಹೊಗೆಯ ವೇಗ ತಗ್ಗಿ, ನಮ್ಮ ಊರುಗಳ ಸಂಚಾರದಲ್ಲಿ ಬೇಕಾಗುವ ನಿಧಾನಗತಿಯ ಎಳೆತವೇ ಕುಗ್ಗಬಹುದು. ಹೆಚ್ಚುವುದು ಸದ್ದು, ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿದಂತೆ ಮನಸ್ಸಿಗೆ ತೋರುತ್ತದೆ. ಪಂದ್ಯದ ಕಾರುಗಳ ಎಂಜಿನ್ನು, ಇಂಧನದ ಹೊಂದಾಣಿಕೆ, ಓಡುವ ದಾರಿ ಎಲ್ಲವೂ ಬೇರೆ.

ಸದ್ದಿನಿಂದ ಯಾರಿಗೇನು ನಷ್ಟ ಎನ್ನುವವರಿಗೆ ಕುರುಗೋಡಿನ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಒಮ್ಮೆ ಇದೇ ಕಾರಿನಲ್ಲಿ, ರಾತ್ರಿ ಹನ್ನೊಂದರ ವೇಳೆಗೆ, ನಾನು ಹಿಂದೆ ಪಾಠ ಹೇಳಿದ ಆ ಊರಿಗೆ ಹೋದೆವು. ಗುಡ್ಡದ ಬಂಡೆಗಳಿಗೆ ಬಡಿದು ಸದ್ದು ಇಮ್ಮಡಿಯಾಯಿತು. ಬಾಗಿಲು ತೆರೆದು ಬಂದ ನನ್ನ ಹಳೆಯ ವಿದ್ಯಾರ್ಥಿನಿಯ ಹೆಗಲ ಮೇಲೆ ಬೆಚ್ಚಿಬಿದ್ದು ಅಳುವ ಹಸುಗೂಸು. "ಮೇಷ್ಟ್ರೇ, ನೀವಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಹಗುರವಾಗುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆಂಬ ಪಾಠವನ್ನು ನೆನಪಿಸಿಕೊಳ್ಳಿ.

ಕಾನೂನು ಕೂಡ ಸ್ಪಷ್ಟವಾಗಿದೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯು ಅಂತಹ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. ನಮ್ಮ ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. "ಅದಿರು ಲಾರಿಗಳಿಗಿಂತ ನನ್ನ ಕಾರಿನ ಸದ್ದು ದೊಡ್ಡದೇ?" ಎಂದು ಮೊಮ್ಮಗ ವಾದಿಸಿದನು. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ದೊಡ್ಡವರ ತಪ್ಪನ್ನು ಹಿಡಿಯದ ವ್ಯವಸ್ಥೆ ಸಣ್ಣವರನ್ನು ಹಿಡಿದಾಗ ಸಂಕಟವಾಗುತ್ತದೆ. ಆದರೆ ಲಾರಿಯ ಹೊಗೆ ನಮ್ಮ ಅಜ್ಜಿಯ ಸೀಟಿನ ಕೆಳಗೆ ನುಗ್ಗಿರಲಿಲ್ಲ ಎಂದೆ. ಅವನು ತಲೆ ತಗ್ಗಿಸಿದನು.

ಹಾಗಾದರೆ ತುಕ್ಕು ಹಿಡಿದ ಸೈಲೆನ್ಸರನ್ನು ಬದಲಿಸಬಾರದೇ? ಖಂಡಿತ ಬದಲಿಸಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಹಾಲಿಗೆ, ಪೇಪರಿಗೆ ಎಂದು ಕಾರನ್ನು ಬರೀ ಒಂದೆರಡು ಕಿಲೋಮೀಟರ್ ಓಡಿಸಿದರೆ ಕೊಳವೆ ಪೂರ್ತಿ ಕಾಯುವುದಿಲ್ಲ. ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಬದಲಿಸುವಾಗ ನಿಮ್ಮ ಕಾರಿನ ಮಾದರಿಗೇ ತಯಾರಾದ ಸೈಲೆನ್ಸರನ್ನು ಬಿಲ್ಲು, ವಾರಂಟಿ ಸಹಿತ ಕೊಳ್ಳಿ. ಅದೇ ಮಾದರಿಗೆ ಸ್ಟೇನ್‌ಲೆಸ್ ಸ್ಟೀಲಿನದು ದೊರೆತರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕನ್ವರ್ಟರನ್ನೂ ಆಕ್ಸಿಜನ್ ಸೆನ್ಸರನ್ನೂ ಕೀಳಲು ಬಿಡಬೇಡಿ. ಕೀಲುಗಳಿಗೆ ಹೊಸ ಗ್ಯಾಸ್ಕೆಟ್, ಜೋತುಬೀಳದಂತೆ ಹೊಸ ರಬ್ಬರ್ ಹಾಕಿಸಿ, ಹೊಗೆ ಸೋರುತ್ತಿಲ್ಲವೆಂದು ಮೆಕ್ಯಾನಿಕ್ ಮುಂದೆ ನಿಂತು ಖಚಿತಪಡಿಸಿಕೊಳ್ಳಿ. ಬಳಿಕ ಎಮಿಷನ್ ಟೆಸ್ಟ್ ಮಾಡಿಸಿ. ಕಾರಿನೊಳಗೆ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರಂತೂ ಬಿಸಿಲನ್ನು ದೂರಬೇಡಿ; ಮೊದಲು ಗಾಜು ಇಳಿಸಿ, ಕಾರು ನಿಲ್ಲಿಸಿ ಕೆಳಗಿಳಿಯಿರಿ.

ಈಗ ಮೊಮ್ಮಗನ ಕಾರಿಗೆ ಕನ್ವರ್ಟರೂ ಸರಿಯಾದ ಸೈಲೆನ್ಸರೂ ಬಂದಿವೆ. ಶೋಕಿಗೆ ಮಾಡಿದ ಖರ್ಚಿಗಿಂತ ಅದನ್ನು ಸರಿಪಡಿಸಿದ ಖರ್ಚು ದೊಡ್ಡದಾಯಿತು. ಅರ್ಧವನ್ನು ನಾನೇ ಕೊಟ್ಟೆ, ಅಂದು ನಕ್ಕು ಸುಮ್ಮನಿದ್ದ ತಪ್ಪಿಗೆ. ಮೊನ್ನೆ ಅವನು ಬಂದದ್ದು ನನಗೆ ತಿಳಿಯಲೇ ಇಲ್ಲ. ಬಾಗಿಲಲ್ಲಿ ಅಕ್ಕನ ದನಿ ಕೇಳಿದ ಮೇಲೆಯೇ ಎದ್ದು ಹೋದೆ.

ಇಂತಿ ನಿಮ್ಮ ಮೇಷ್ಟ್ರು