ರಿಪೇರಿಗೂ ಮಾರ್ಕ್ಸ್ ಕೊಡ್ರಿ

ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ನಂಬಿಕೆ ಬೇರು ಬಿಟ್ಟು ಕೂತಿದೆ. ಹೊಸದು ಮಾಡುವವನು ಇಂಜಿನಿಯರ್, ಹಳೆಯದನ್ನು ಸರಿ ಮಾಡುವವನು ಮೆಕ್ಯಾನಿಕ್. ಫೈನಲ್ ಇಯರ್ ಪ್ರಾಜೆಕ್ಟ್ ಅಂದ ತಕ್ಷಣ ಬರುವ ಮೊದಲ ಪ್ರಶ್ನೆ, "ಇದರಾಗ ನಾವೆಲ್ಟಿ ಏನೈತಿ?" ಉತ್ತರ ಹುಡುಕುತ್ತಾ ನಾವೂ ಸೆನ್ಸರ್ ಹಚ್ಚುತ್ತೇವೆ, ಆ್ಯಪ್ ಮಾಡುತ್ತೇವೆ, ಡೆಮೊ ದಿನ ಓಡಿಸುತ್ತೇವೆ. ಆಮೇಲೆ ಆ ಮಾಡೆಲ್ ಲ್ಯಾಬಿನ ಕಪಾಟು ಸೇರುತ್ತದೆ.

ಈ ನಂಬಿಕೆ ತಪ್ಪು ಅನ್ನುವುದು ನಮ್ಮ ವಾದ. ವಾದಕ್ಕೆ ಆಧಾರ ಒಂದು ಹಳೆ ಫೈಬರ್ ಬೋಟಿನ ಡೆಕ್ಕು.

ಹುಬ್ಬಳ್ಳಿ ತಾಲೂಕಿನ ಸುಳ್ಳದಲ್ಲಿ ನಮ್ಮ ಬ್ಯಾಚಿನ ಗೆಳೆಯನೊಬ್ಬನ ಮನೆ ಇದೆ. ಅವನ ಕಾಕಾ ಕೆರೆಯೊಂದರ ಮೀನಿನ ಗುತ್ತಿಗೆ ಹಿಡಿದವರು. ಕರಾವಳಿಯಿಂದ ಅಗ್ಗಕ್ಕೆ ಒಂದು ಹಳೆ ಫೈಬರ್ ಬೋಟ್ ತರಿಸಿಕೊಂಡಿದ್ದರು. ಬಲೆ ಬೀಸಲು ನಿಲ್ಲುವ ಮುಂದಿನ ಡೆಕ್ಕು, ಅಂದಾಜು ಐದು ಅಡಿ ಉದ್ದ ನಾಲ್ಕು ಅಡಿ ಅಗಲದ್ದು, ಮೆತ್ತಗಾಗಿತ್ತು. "ಕಾಲಿಟ್ಟರ ಹಾಸಿಗಿ ಮ್ಯಾಲೆ ನಿಂತಂಗ ಆಗ್ತೈತಿ. ಇಂಜಿನಿಯರಿಂಗ್ ಕಲಿಯಾಕತ್ತೀರಿ, ಇದೊಂದಿಷ್ಟು ನೋಡ್ರಿ ತಮ್ಮಾ" ಅಂದರು. ಹೊಸ ಬೋಟಿಗೆ ಅವರ ಹತ್ತಿರ ದುಡ್ಡಿರಲಿಲ್ಲ. ಮಳೆಗಾಲ ಬರುವುದರೊಳಗೆ ಆಗದಿದ್ದರೆ ಆ ವರ್ಷದ ಗುತ್ತಿಗೆ ಹಣ ಮೈಮೇಲೆ ಬರುತ್ತಿತ್ತು.

ನಾವು ಅದನ್ನೇ ಪ್ರಾಜೆಕ್ಟ್ ಅಂತ ಬರೆದುಕೊಟ್ಟೆವು. ಸಿನಾಪ್ಸಿಸ್ ವಾಪಸ್ ಬಂತು: ರಿಪೇರಿ ಕೆಲಸ, ನಾವೆಲ್ಟಿ ಇಲ್ಲ. ಮಾರ್ಕ್ಸಿಗೆ ಬೇರೆ ಪ್ರಾಜೆಕ್ಟ್ ಮಾಡಿದೆವು, ಬೋಟನ್ನು ಶನಿವಾರ-ಭಾನುವಾರ ಸುಳ್ಳಕ್ಕೆ ಹೋಗಿ ಮಾಡಿದೆವು. (ಎರೆಭೂಮಿಯ ಊರಿನಲ್ಲಿ ಬೋಟ್ ರಿಪೇರಿ ಅಂದರೆ ಹಾಸ್ಟೆಲ್ಲಿನಲ್ಲಿ ಯಾರೂ ನಂಬಲಿಲ್ಲ. "ಊರಿನ ಹೆಸರೇ ಸುಳ್ಳ ಐತಲ್ಲೋ" ಅಂದರು.) ಎರಡನ್ನೂ ಮಾಡಿದ ಮೇಲೆ ನಾವು ಹೇಳುವುದಿಷ್ಟು: ನಾಲ್ಕು ವರ್ಷ ಕಲಿತದ್ದು ಹೆಚ್ಚು ಕೆಲಸಕ್ಕೆ ಬಂದದ್ದು ಬೋಟಿನಲ್ಲಿ.

ಡೆಕ್ಕಿನೊಳಗೆ ಏನಿದೆ?

ಮೇಲಿಂದ ನೋಡಿದರೆ ಡೆಕ್ಕು ಒಂದೇ ಹಾಳೆಯಂತೆ ಕಾಣುತ್ತದೆ. ಒಳಗೆ ಅದು ಸ್ಯಾಂಡ್‌ವಿಚ್. ಮೇಲೊಂದು ಫೈಬರ್‌ಗ್ಲಾಸ್ ಪದರ, ಕೆಳಗೊಂದು, ನಡುವೆ ಮರದ ತಿರುಳು. ತಿರುಳು ಕೆಲವು ಬೋಟುಗಳಲ್ಲಿ ಪ್ಲೈವುಡ್, ಕೆಲವದರಲ್ಲಿ ಬಾಲ್ಸಾ ಮರ. ಐ-ಬೀಮ್ ನೆನಪಿಸಿಕೊಳ್ಳಿ. ಎರಡು ಪದರಗಳು ಫ್ಲೇಂಜ್, ತಿರುಳು ವೆಬ್.

ಮೂರನೇ ಸೆಮಿಸ್ಟರಿನ ಲೆಕ್ಕ ಸಾಕು. ಪದರ ತಲಾ 3 ಮಿ.ಮೀ., ತಿರುಳು 12, ಒಟ್ಟು ದಪ್ಪ 18. ತಿರುಳಿನ ಸ್ವಂತ ಬಿಗಿಯನ್ನು ಬಿಟ್ಟು ಬರೀ ಪದರಗಳನ್ನು ಲೆಕ್ಕ ಹಿಡಿದರೆ, 18ರ ಘನದಿಂದ 12ರ ಘನ ಕಳೆಯಬೇಕು: 5832ರಲ್ಲಿ 1728 ಹೋದರೆ 4104. ಅಷ್ಟೇ ಗ್ಲಾಸನ್ನು ನಡುವೆ ತಿರುಳಿಲ್ಲದೆ 6 ಮಿ.ಮೀ. ಹಾಳೆ ಮಾಡಿದ್ದರೆ 216. ಅಂದರೆ ತಿರುಳು ಹಾಕಿದ್ದಕ್ಕೇ ಬಾಗುವಿಕೆಗೆ 19 ಪಟ್ಟು ಬಿಗಿ ಬಂತು. ಈಗ ತಿರುಳು ಕೊಳೆತು ಪದರಗಳ ಕೈ ಬಿಟ್ಟಿತು ಅಂದುಕೊಳ್ಳಿ. ಎರಡೂ ಹಾಳೆ ಬೇರೆ ಬೇರೆ ಬಾಗುತ್ತವೆ: 27 ಮತ್ತು 27, ಕೂಡಿಸಿದರೆ 54. 4104 ಎಲ್ಲಿ, 54 ಎಲ್ಲಿ? 76ರಲ್ಲಿ ಒಂದು ಪಾಲು! ಹೊರಗೆ ಒಂದು ಬಿರುಕೂ ಇಲ್ಲದ ಡೆಕ್ಕು ಹಾಸಿಗೆಯಂತೆ ಆಗುವುದು ಹೀಗೆ. ಪರೀಕ್ಷೆಯಲ್ಲಿ ಬಿಡಿಸಿ ಮರೆತಿದ್ದ ಮೊಮೆಂಟ್ ಆಫ್ ಇನರ್ಷಿಯಾ ನಮ್ಮ ಕಾಲ ಕೆಳಗೇ ಇತ್ತು.

ಮರ ಕೊಳೆತದ್ದೇಕೆ? ನೀರು ಡೆಕ್ಕಿನ ನಡುವಿನಿಂದ ಇಳಿಯುವುದಿಲ್ಲ. ಹಗ್ಗ ಕಟ್ಟುವ ಕೊಂಡಿ, ಮುಚ್ಚಳದ ಕೀಲು, ಎಲ್ಲೆಲ್ಲಿ ಸ್ಕ್ರೂ ಹೊಡೆದಿದ್ದಾರೋ ಅಲ್ಲಿಂದ ಇಳಿಯುತ್ತದೆ. ಗೆಳೆಯನ ಅಜ್ಜನಿಗೆ ಇದನ್ನು ವಿವರಿಸಲು ನಮಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಹಂಗಂದ್ರ ನಮ್ಮ ಮ್ಯಾಳಿಗಿ ಇದ್ದಂಗ. ಬೆಳಕಿಂಡಿ ಬಾಜೂಕಿನ ಜಂತೀನ ಮೊದಲ ಕೊಳೀತೈತಿ" ಅಂದರು. ನಮ್ಮ ಕಡೆಯ ಮಾಳಿಗೆ ಮನೆ ನೋಡಿದವರಿಗೆ ಗೊತ್ತು. ತೊಲೆ, ಜಂತಿ, ಮೇಲೆ ಹಲಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ಸವಳು ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ಬೆಳಕಿಂಡಿಯ ಅಂಚಿನಿಂದ ನೀರು ಇಳಿದು ಜಂತಿ ಕೊಳೆಯುತ್ತದೆ. ಕೆಳಗೆ ಮಲಗಿದವರಿಗೆ ಅದು ಗೊತ್ತಾಗುವುದು ತಡವಾಗಿ. ಡೆಕ್ಕಿನ ಸಮಸ್ಯೆಯೂ ಇದೇ.

ಕೆಲಸ ನಡೆದ ರೀತಿ

ಮೊದಲ ಕೆಲಸ ರೋಗ ಎಲ್ಲಿಯವರೆಗೆ ಹಬ್ಬಿದೆ ಅಂತ ಕಂಡುಹಿಡಿಯುವುದು. ಸುತ್ತಿಗೆಯ ಹಿಡಿಯಿಂದ ಅಂಗುಲ ಅಂಗುಲ ಬಡಿದು ಕೇಳಿದೆವು. ಗಟ್ಟಿ ಇದ್ದಲ್ಲಿ 'ಟಕ್', ಕೊಳೆತಲ್ಲಿ 'ದಬ್'. ಸಂತೆಯಲ್ಲಿ ಗಡಿಗೆ ಬಡಿದು ಕೊಳ್ಳುತ್ತಾರಲ್ಲ, ಹಾಗೆ. ಅನುಮಾನ ಬಂದಲ್ಲಿ 4 ಮಿ.ಮೀ. ತೂತು ಕೊರೆದು ಹೊಟ್ಟು ನೋಡಿದೆವು. ಒಣಗಿದ ಕಂದು ಹೊಟ್ಟು ಬಂದರೆ ಸರಿ, ಕಪ್ಪಗೆ ಹಸಿಯಾಗಿ ಬಂದರೆ ಅದು ಹೋಯಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿದಾಗ ನಕ್ಷೆಯೇ ಸಿದ್ಧವಾಯಿತು.

ಕತ್ತರಿಸುವ ಮೊದಲು ಬೋಟಿನ ಹೊಟ್ಟೆಗೆ ಎರಡೂ ಬದಿ ಆನಿಕೆ ಕೊಡಬೇಕು. ಡೆಕ್ಕು ಬೋಟಿನ ಆಕಾರವನ್ನೂ ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಬೋಟು ಸೊಟ್ಟಗಾದರೆ ಹೊಸ ಡೆಕ್ಕು ಆ ಸೊಟ್ಟವನ್ನೇ ಕಾಯಂ ಮಾಡುತ್ತದೆ. ಆಮೇಲೆ ಗ್ರೈಂಡರಿನಲ್ಲಿ ಮೇಲಿನ ಪದರವನ್ನು ಮಾತ್ರ, ಸುತ್ತ ಅಂಚು ಬಿಟ್ಟು, ಕೊಯ್ದು ಎತ್ತಿದೆವು. ಒಳಗಿನ ಪ್ಲೈವುಡ್ ಕೈಗೆ ಚಹಾಪುಡಿಯಂತೆ ಬಂತು.

ಫೈಬರ್‌ಗ್ಲಾಸ್ ಧೂಳಿನ ವಿಷಯದಲ್ಲಿ ಹುಡುಗಾಟ ಬೇಡ. ಮೈ ಕೆರೆತ ಬಿಡಿ, ಅದು ಶ್ವಾಸಕೋಶಕ್ಕೆ ಹೋಗುವ ವಸ್ತು. ಸರಿಯಾದ ರೆಸ್ಪಿರೇಟರ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ನಾವು ದನಗಳನ್ನು ಬೇರೆ ಕಡೆ ಕಟ್ಟಿಸಿ, ಬಣವೆಯ ಕಡೆ ತಾಡಪತ್ರಿ ಇಳಿಬಿಟ್ಟೆವು. ಧೂಳು ಮೇವಿಗೆ ಬೀಳಬಾರದು.

ಇಲ್ಲಿ ಸುಳ್ಳದ ಬಿಸಿಲು ನಮ್ಮ ಪರ ನಿಂತಿತು. ಕೆಳಗಿನ ಪದರ ಪೂರ್ತಿ ಒಣಗದೆ ಹೊಸ ತಿರುಳು ಅಂಟಿಸಿದರೆ ಕೆಲಸವೆಲ್ಲ ನೀರುಪಾಲು. ಕರಾವಳಿಯ ತೇವದ ಗಾಳಿಯಲ್ಲಿ ಇದಕ್ಕೆ ಕಾಯಬೇಕು. ನಮ್ಮ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಬಿಸಿಲು ಪುಕ್ಕಟೆ, ಒಂದು ವಾರ ಬಿಟ್ಟು ಬಂದರೆ ಸಾಕು. ಆದರೆ ಅದೇ ಬಿಸಿಲು ರೆಸಿನ್ ಕಲಸುವಾಗ ವೈರಿ. ಉಷ್ಣತೆ 10 ಡಿಗ್ರಿ ಏರಿದರೆ ಎಪಾಕ್ಸಿ ಕೈಯಲ್ಲಿ ಉಳಿಯುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಳದ ಮಗ್ಗಿನಲ್ಲಿ ಕಲಸಿದರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಗಿನ ಆರಕ್ಕೇ ಶುರು, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ. ಹಾರ್ಡನರ್ ಕಡಿಮೆ ಹಾಕಿ ಹೊತ್ತು ಉಳಿಸೋಣ ಅನ್ನುವಂತಿಲ್ಲ. ಎಪಾಕ್ಸಿಯ ಪ್ರಮಾಣ ತಪ್ಪಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಪಾಲಿಯೆಸ್ಟರ್ ಅಗ್ಗ, ಹೊಸ ಬೋಟನ್ನು ಸಾಮಾನ್ಯವಾಗಿ ಅದರಲ್ಲೇ ಮಾಡುತ್ತಾರೆ. ಆದರೂ ದುಬಾರಿ ಎಪಾಕ್ಸಿ ಯಾಕೆ? ಹೊಸ ಬೋಟಿನಲ್ಲಿ ಒಂದು ಪದರ ಹಸಿ ಇದ್ದಾಗಲೇ ಇನ್ನೊಂದು ಬೀಳುತ್ತದೆ, ಎರಡೂ ರಾಸಾಯನಿಕವಾಗಿ ಒಂದಾಗುತ್ತವೆ. ವರ್ಷಗಟ್ಟಲೆ ಹಳೆಯದಾದ ಪದರದ ಮೇಲೆ ಆ ಬೆಸುಗೆ ಆಗುವುದಿಲ್ಲ, ಬರೀ ಅಂಟಿನ ಹಿಡಿತವೇ ಗತಿ. ಅದರಲ್ಲಿ ಎಪಾಕ್ಸಿ ಗಟ್ಟಿಗ. ರಿಪೇರಿಯ ವಿನ್ಯಾಸ ಹೊಸದರ ವಿನ್ಯಾಸಕ್ಕಿಂತ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ತಿರುಳಿಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಂದೆವು. ಹಿಟ್ಟಿನಂತೆ ದಪ್ಪ ಮಾಡಿದ ಎಪಾಕ್ಸಿ ಹಚ್ಚಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಜೋಳದ ಚೀಲಗಳನ್ನು ಹೇರಿದೆವು. ಎಲ್ಲಿಯೂ ಗಾಳಿ ಉಳಿಯಬಾರದು. ಮೇಲಿನ ಪದರಕ್ಕೆ ಹಳೆಯ ಅಂಚನ್ನು 1ಕ್ಕೆ 12ರಂತೆ ಇಳಿಜಾರು ಮಾಡಬೇಕು. 3 ಮಿ.ಮೀ. ದಪ್ಪಕ್ಕೆ 36 ಮಿ.ಮೀ. ಇಳಿಜಾರು. ಇಲ್ಲದಿದ್ದರೆ ಸ್ಟ್ರೆಸ್ ಎಲ್ಲ ಒಂದೇ ಗೆರೆಯಲ್ಲಿ ಬಂದು ಅಲ್ಲೇ ಬಿರುಕು ಬಿಡುತ್ತದೆ. ಕೊನೆಗೆ ಸ್ಕ್ರೂ ತೂತುಗಳು. ಅಗತ್ಯಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದೆವು. ಇನ್ನು ಸ್ಕ್ರೂ ಸಡಿಲಾದರೂ ನೀರಿಗೆ ಮರ ಸಿಗುವುದಿಲ್ಲ. ಮೂಲದಲ್ಲಿ ಬೋಟ್ ಮಾಡಿದವರು ಬಿಟ್ಟಿದ್ದ ಕೆಲಸ ಇದು. ಇದಕ್ಕೆ 'ನಾವೆಲ್ಟಿ' ಅನ್ನದಿದ್ದರೆ ಇನ್ಯಾವುದಕ್ಕೆ ಅನ್ನಬೇಕು?

ಒಂದು ಬೋಟಿನ ಮಾತಲ್ಲ

ಫೈಬರ್‌ಗ್ಲಾಸಿನ ರೆಸಿನ್ ಥರ್ಮೋಸೆಟ್. ಬಕೆಟ್ಟಿನ ಪ್ಲಾಸ್ಟಿಕ್ಕಿನಂತೆ ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ. ಹಳೆ ಬೋಟಿನ ಮುಂದೆ ಇರುವ ದಾರಿ ಎರಡೇ: ಸರಿ ಮಾಡಿ ಬಳಸುವುದು, ಇಲ್ಲವೇ ದಂಡೆಯಲ್ಲೋ ತಿಪ್ಪೆಯಲ್ಲೋ ಬಿಡುವುದು. ಕಾರವಾರ, ತದಡಿ, ಮಲ್ಪೆಯ ಕಡೆ ಹೋದವರು ಫೈಬರ್ ದೋಣಿಗಳನ್ನು ನೋಡಿರುತ್ತೀರಿ. ಅಷ್ಟು ದೂರ ಯಾಕೆ, ಗದಗಿನ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಯೂ ಇದೇ ಜಾತಿ. ಗಾಜಿನ ನಾರಿನ ಪದರ, ನಡುವೆ ಬಾಲ್ಸಾ ಅಥವಾ ಫೋಮ್. ಅವುಗಳ ಆಯುಷ್ಯವನ್ನು ಸಾಮಾನ್ಯವಾಗಿ 20 ವರ್ಷದ ಲೆಕ್ಕದಲ್ಲಿ ಹಿಡಿಯುತ್ತಾರೆ. ನಾವು ನೌಕರಿ ಮಾಡುವ ಕಾಲಕ್ಕೆ ಅವನ್ನು ತಪಾಸಣೆ ಮಾಡಿ ಸರಿಪಡಿಸಬಲ್ಲವರು ಬೇಕಾಗುತ್ತಾರೆ.

ಮಹದಾಯಿ ಅಂದರೆ ನಮ್ಮ ಭಾಗದವರಿಗೆ ಕಳಸಾ-ಬಂಡೂರಿ ಹೋರಾಟ. ಅದೇ ನದಿಯ ಹೆಸರಿನಲ್ಲಿ ನೌಕಾಪಡೆಯ ಹಾಯಿದೋಣಿಯೊಂದಿದೆ, ಐಎನ್‌ಎಸ್‌ವಿ ಮ್ಹಾದೇಯಿ. ಗೋವಾದಲ್ಲಿ ಕಟ್ಟಿದ್ದು. ಮರದ ತಿರುಳು, ಮೇಲೆ ಫೈಬರ್‌ಗ್ಲಾಸ್. 2009-10ರಲ್ಲಿ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು, 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿದರು. ನಡುಸಮುದ್ರದಲ್ಲಿ ಒಬ್ಬರೇ ಇರುವಾಗ ಕೆಟ್ಟದ್ದನ್ನು ಸರಿ ಮಾಡುವವರೂ ಅವರೇ. ಅಲ್ಲಿ ಇದು ಇಂಜಿನಿಯರಿಂಗ್ ಹೌದೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ.

ಎದುರು ವಾದಕ್ಕೆ ಉತ್ತರ

ಗುರುಗಳ ಕಡೆಯಿಂದಲೂ ನ್ಯಾಯದ ಮಾತಿದೆ. ರಿಪೇರಿ ಅಂದರೆ ಯಾರೋ ಮೇಸ್ತ್ರಿಗೆ ದುಡ್ಡು ಕೊಟ್ಟು ಮಾಡಿಸಿ, ಫೋಟೋ ಹಚ್ಚಿ ರಿಪೋರ್ಟ್ ಕೊಡುವವರೂ ಇರುತ್ತಾರೆ. ಮಾರ್ಕ್ಸ್ ಹೇಗೆ ಕೊಡುವುದು? ಪ್ರಶ್ನೆ ಸರಿ. ಆದರೆ ಆನ್‌ಲೈನಿನಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವ ರೋಗಕ್ಕೆ ಪ್ರಾಜೆಕ್ಟನ್ನೇ ಯಾರೂ ನಿಲ್ಲಿಸಿಲ್ಲ. ರಿಪೇರಿಯಲ್ಲಿ ಕಳ್ಳಾಟ ಹಿಡಿಯುವುದು ಇನ್ನೂ ಸುಲಭ: ವಸ್ತು ಯಾಕೆ ಕೆಟ್ಟಿತು ಅಂತ ಕೇಳಿದರೆ ಸಾಕು, ಕೈಯಾರೆ ಬಿಚ್ಚದವನಿಗೆ ಉತ್ತರ ಬರುವುದಿಲ್ಲ.

ಹಾಗಾಗಿ ನಾವು ಮೂರು ಬೇಡಿಕೆ ಇಡುತ್ತೇವೆ.

ಒಂದು, ಪ್ರಾಜೆಕ್ಟಿನಲ್ಲಿ ರಿಪೇರಿಗೆ ಒಂದು ವಿಭಾಗ ಇರಲಿ. ಕೆಟ್ಟ ಕಾರಣದ ವರದಿ, ಲೆಕ್ಕ, ಮಾಡಿದ ಕೆಲಸ, ಮೊದಲು ಮತ್ತು ಆಮೇಲೆ ಅಳತೆ, ಈ ನಾಲ್ಕಕ್ಕೆ ಮಾರ್ಕ್ಸ್ ಹಂಚಲಿ. ಅಳತೆ ಕಷ್ಟವೇನಲ್ಲ. ನಮ್ಮ ಡೆಕ್ಕು ಮೊದಲು ಬರಿಗಣ್ಣಿಗೇ ಕುಸಿಯುವುದು ಕಾಣುತ್ತಿತ್ತು. ಈಗ ಅದೇ ಭಾರಕ್ಕೆ ಡಯಲ್ ಗೇಜ್ ಇಟ್ಟರೆ ಮಾತ್ರ ಗೊತ್ತಾಗುತ್ತದೆ.

ಎರಡು, ವರ್ಕ್‌ಶಾಪ್ ಶನಿವಾರವೂ ತೆರೆದಿರಲಿ. ಗ್ರೈಂಡರ್ ಬಾಡಿಗೆಗೆ ಸಿಗುತ್ತದೆ. ಪಕ್ಕದಲ್ಲಿ ನಿಂತು "ಹಂಗ ಹಿಡೀಬ್ಯಾಡ" ಅನ್ನುವ ಅನುಭವಿ ಇನ್‌ಸ್ಟ್ರಕ್ಟರ್ ಬಾಡಿಗೆಗೆ ಸಿಗುವುದಿಲ್ಲ.

ಮೂರು, ರಿಪೇರಿಯ ಟಿಪ್ಪಣಿ ಕನ್ನಡದಲ್ಲಿರಲಿ. ಇಂಗ್ಲಿಷ್ ರಿಪೋರ್ಟ್ ಲೈಬ್ರರಿಗೆ ಹೋಗಲಿ, ವಸ್ತುವಿನ ಜೊತೆ ಅದರ ಮಾಲೀಕರು ಓದಬಲ್ಲ ಎರಡು ಪುಟ ಹೋಗಲಿ. ಕಾಕಾಗೆ ನಾವು ಬರೆದುಕೊಟ್ಟ ಹಾಳೆಯಲ್ಲಿ ಇರುವುದು ಇಷ್ಟೇ: ವರ್ಷಕ್ಕೊಮ್ಮೆ ಬಡಿದು ಕೇಳಿ, ಹೊಸ ಸ್ಕ್ರೂ ಹೊಡೆಯುವ ಮುಂಚೆ ತೂತಿಗೆ ಎಪಾಕ್ಸಿ ತುಂಬಿ, ಬಿರುಕು ಕಂಡರೆ ಮಳೆಗಾಲಕ್ಕೆ ಕಾಯಬೇಡಿ. ಈ ಕೆಲಸದಲ್ಲಿ ಕನ್ನಡ ಬಳಗದ ನಾವು ಯಾವ ಬ್ರಾಂಚಿನವರಿಗಾದರೂ ಜೊತೆಯಾಗುತ್ತೇವೆ.

ಓದುವ ನಿಮಗೂ ಒಂದು ಮಾತು. ಸಿನಾಪ್ಸಿಸ್ ಕೊಡುವ ಮುಂಚೆ ಒಮ್ಮೆ ಊರಿಗೆ ಹೋದಾಗ ಕೆಟ್ಟು ನಿಂತದ್ದರ ಪಟ್ಟಿ ಮಾಡಿ. ಶುದ್ಧ ಕುಡಿಯುವ ನೀರಿನ ಘಟಕ, ಔಷಧಿ ಹೊಡೆಯುವ ಪಂಪು, ಶಾಲೆಯ ಸೋಲಾರ್ ದೀಪ, ಹಿಟ್ಟಿನ ಗಿರಣಿಯ ಮೋಟಾರು. ಅದರಲ್ಲಿ ಒಂದನ್ನು ಆರಿಸಿ, ಯಾಕೆ ಕೆಟ್ಟಿತು ಅಂತ ಒಂದು ಪುಟ ಬರೆದು ಗೈಡ್ ಮುಂದೆ ಇಡಿ. ಒಬ್ಬರೇ ಕೇಳಿದರೆ ಇಲ್ಲ ಅನ್ನುವುದು ಸುಲಭ. ಒಂದೇ ವರ್ಷ ಇಪ್ಪತ್ತು ಬ್ಯಾಚ್ ಕೇಳಿದರೆ ನಿಯಮ ಬದಲಾಗಲೇಬೇಕಾಗುತ್ತದೆ.